ಹನ್ನೊಂದನೆಯ ಚಿತ್ರ

ಲಿಯೆಪಾಯಾದ ಟ್ರಾಮ್ ಡಿಪೋ, ಮೂರನೇ ಮಹಡಿ,
ವೇಳಾಪಟ್ಟಿ ಕೋಣೆ. ಹೊರಗೆ ಬಾಲ್ಟಿಕ್ ಗಾಳಿ
ಕಿಟಕಿಯ ಬಿರುಕು ಹುಡುಕಿ ಸಿಳ್ಳೆ ಹಾಕುತ್ತಿರುತ್ತದೆ.
ಒಳಗೆ ನಾಲ್ಕು ಮೇಜು, ಮೂರು ಕುರ್ಚಿ,
ಏನು ಕೇಳಿದರೂ ಮೊದಲು ನಿಟ್ಟುಸಿರಿಡುವ ಕಂಪ್ಯೂಟರುಗಳು.

ಕಾಯುವುದೇ ಕೆಲಸವಾದಾಗ
ಔಸ್ಮಾ ಕಾಯುವುದಕ್ಕೊಂದು ಮುಖ ಬರೆದಳು.
ಮರಳುಗಡಿಯಾರ ತೆಗೆದು ಆ ಜಾಗದಲ್ಲೊಂದು ಮುಳ್ಳಿಲಿ.
ಇಲಿಯ ತುದಿಗೆ ಮುಳ್ಳಿಲಿ, ಎಂದು ತಾನೇ ನಕ್ಕಳು.
ನಮ್ಮ ಮಾತಲ್ಲೂ ಮೌಸ್ ಇಲಿಯೇ,
ಬಾಲ ಕಳಕೊಂಡ ಮೇಲೂ.

ಹದಿನೆಂಟು ಚಿತ್ರ.
ಒಂದರಲ್ಲಿ ಉಂಡೆ. ಎರಡರಲ್ಲಿ ಉಂಡೆಗೊಂದು ಸಂಶಯ.
ಮೂರರಲ್ಲಿ ಮೂಗು.
ಆರರ ಹೊತ್ತಿಗೆ ಕಾಲು, ಎಂಟರಲ್ಲಿ ಹೆಜ್ಜೆ,
ಹದಿನಾಲ್ಕರಲ್ಲಿ ಬೆನ್ನಿಗಂಟಿದ ಹಳದಿ ಎಲೆ,
ಹದಿನೆಂಟರಲ್ಲಿ ಮತ್ತೆ ಉಂಡೆ.
ಮೂವತ್ತೆರಡು ಚುಕ್ಕಿ ಅಗಲ, ಅಷ್ಟೇ ಎತ್ತರ;
ಊಟದ ಬಿಡುವಿನಲ್ಲಿ ರೈ ಬ್ರೆಡ್ಡಿನ ಪುಡಿ ಉದುರಿಸುತ್ತ
ಒಂದೊಂದೇ ಚುಕ್ಕಿ ನೆಟ್ಟಳು, ಈರುಳ್ಳಿ ನೆಟ್ಟಂತೆ.

ಮೊದಲ ದಿನ ನಾವೆಲ್ಲ ಬೇಕೆಂದೇ ಭಾರದ ಕಡತ ತೆರೆದೆವು,
ಅದು ನಡೆಯುವುದನ್ನು ನೋಡಲು.

ಎರಡನೇ ವಾರ ಗುನ್‌ವಾಲ್ಡಿಸ್ ಗೊಣಗಿದ:
ನಿನ್ನ ಪ್ರಾಣಿ ನಡುವೆ ಎಲ್ಲೋ ಎಗರುತ್ತದೆ.
ಎಗರುವುದಲ್ಲ, ಮಾಯವಾಗುವುದು, ಎಂದೆ ನಾನು.
ರೆಪ್ಪೆ ಬಡಿದದ್ದು ನೀವು, ಎಂದಳು ಅವಳು.
ಪಕ್ಕದ ದೊಡ್ಡ ಪರದೆಗೆ ದಾಟಿಸಿದರೆ
ಮುಳ್ಳಿಲಿ ಮುಳ್ಳುಹಂದಿಯಾಗಿ ಊದುತ್ತಿತ್ತು,
ಮುಳ್ಳೆಲ್ಲ ಒಡೆದು ಮೆಟ್ಟಿಲು ಮೆಟ್ಟಿಲಾಗಿ,
ಸುತ್ತ ಒಂದು ಕಪ್ಪು ಚೌಕ, ಅಂಚೆಚೀಟಿ ಕಿತ್ತ ಗುರುತಿನ ಹಾಗೆ.
ಅದನ್ನೆಲ್ಲ ತಿದ್ದಿದಳು.
ಎಗರುವುದು ಮಾತ್ರ ಉಳಿಯಿತು.

ನಿಮಗೆ ಗೊತ್ತಿರಲಿ,
ಬಾಣವೋ ಹಸ್ತವೋ ಮುಳ್ಳಿಲಿಯೋ, ಏನೇ ಇರಲಿ,
ಮೈಯೆಲ್ಲ ವೇಷ. ಅದರೊಳಗೆ ಒಂದೇ ಒಂದು ಚುಕ್ಕಿ ನಿಜ:
ಮುಟ್ಟುವುದು ಅದು ಮಾತ್ರ.
ಮೂಗಿನ ತುದಿಯಲ್ಲಿಟ್ಟಿದ್ದಳು ಅದನ್ನು
ಹದಿನೇಳು ಚಿತ್ರಗಳಲ್ಲಿ.
ಉಳಿದೊಂದರಲ್ಲಿ, ಯಾವ ಮಧ್ಯಾಹ್ನದ ತೂಕಡಿಕೆಯೋ,
ಅದು ಬಾಲದ ಬಳಿ.

ಸೆಕೆಂಡನ್ನು ಇಪ್ಪತ್ತಾಗಿ ಸೀಳಿದ ಒಂದು ಹೋಳಿನಲ್ಲಿ
ಯಾರೋ ಒತ್ತಿದ್ದಾರೆ. ನಾನೇ ಇರಬಹುದು.
ಕಣ್ಣು ಮೂಗನ್ನು ನಂಬಿತು, ಒತ್ತು ಬಾಲಕ್ಕೆ ಬಿತ್ತು.
ಅಳಿಸಬೇಕಿದ್ದದ್ದು ಡಿಪೋ ಒಳಗಿನ ತಿರುವು;
ಅಳಿದದ್ದು ಪಕ್ಕದ ಸಾಲು:
ಸ್ಮಶಾನದ ನಿಲ್ದಾಣ, ಸಂಜೆ ಆರು ನಲವತ್ತು.

ಡಿಸೆಂಬರ್. ಆರು ನಲವತ್ತಕ್ಕೆ
ಉರಿದು ಮುಗಿದ ಮೇಣದ ಬಟ್ಟಲು ಕೈಚೀಲಕ್ಕೆ ಹಾಕಿಕೊಂಡು
ವೆಲ್ಟಾ ಎಂಬಾಕೆ ಹಳಿಯ ಪಕ್ಕ ನಿಂತಿದ್ದಳಂತೆ.
ಟ್ರಾಮ್ ಬಂತು, ಒಳಗೆಲ್ಲ ಬೆಳಕು, ಬೆಚ್ಚಗಿನ ಮುಖಗಳು,
ನಿಲ್ಲದೆ ಹೋಯಿತು.
ಏಳು ಐದರದ್ದು ಹತ್ತಿ ಮನೆ ಸೇರಿ,
ಮರುದಿನ ನಮ್ಮ ಮೂರು ಮಹಡಿ ಹತ್ತಿ ಬಂದು
ಒಂದೇ ಮಾತು ಕೇಳಿದಳು:
ಚಾಲಕ ನನ್ನನ್ನು ನೋಡಿದ. ನೋಡಿಯೂ ಯಾಕೆ ನಿಲ್ಲಿಸಲಿಲ್ಲ?

ಗುನ್‌ವಾಲ್ಡಿಸ್ ಕಡತಗಳ ಹಿಂದೆ ಮುಖ ಇಟ್ಟುಕೊಂಡ.
ಔಸ್ಮಾ ಪರದೆಯನ್ನು ಅವಳ ಕಡೆ ತಿರುಗಿಸಿದಳು.
ಏನೂ ವಿವರಿಸಲಿಲ್ಲ. ಭಾರದ ಕಡತ ತೆರೆದಳು.
ಉಂಡೆ. ಸಂಶಯ. ಮೂಗು.
ಹನ್ನೊಂದು ಬಂದಾಗ ವೆಲ್ಟಾ ಗಾಜಿಗೆ ಬೆರಳಿಟ್ಟಳು:
ಇಲ್ಲಿ.
ನಾವು ಎರಡು ವಾರ ಜಗಳಾಡಿದ್ದನ್ನು
ಒಂದೇ ನೋಟಕ್ಕೆ.
ಮೂವತ್ತು ವರ್ಷ ಹೊಲಿಗೆ ಕಾರ್ಖಾನೆಯಲ್ಲಿದ್ದವಳಂತೆ;
ತಪ್ಪಿದ ಹೊಲಿಗೆ ತಾನಾಗಿ ಕಣ್ಣಿಗೆ ಬೀಳುತ್ತದೆ, ಎಂದಳು.
ಚಾಲಕನ ವಿಷಯ ಅವಳೂ ಮತ್ತೆ ಕೇಳಲಿಲ್ಲ,
ನಾವೂ ಹೇಳಲಿಲ್ಲ. ನಮ್ಮಲ್ಲಿ ಉತ್ತರ ಇರಲಿಲ್ಲ.

ಆ ರಾತ್ರಿಯೇ ಚುಕ್ಕಿ ಮೂಗಿಗೆ ಮರಳಿತು.

ಮಾರ್ಚಿನಲ್ಲಿ ಹೊಸ ಯಂತ್ರಗಳು ಬಂದವು.
ಕಾಯುವುದೇ ಇಲ್ಲ ಈಗ. ಒತ್ತಿದರೆ ಆಯಿತು.
ಮುಳ್ಳಿಲಿ ಮೊದಲ ಚಿತ್ರ ದಾಟುವುದಿಲ್ಲ,
ಉಂಡೆಯಾಗಿ ಮಿನುಗಿ ಉಂಡೆಯಾಗಿಯೇ ಅಳಿಯುತ್ತದೆ.
ಹೊಸದಾಗಿ ಸೇರಿದ ಹುಡುಗ ಕೇಳುತ್ತಾನೆ:
ಆ ಕಂದು ಕಲೆ ಏನು? ಪರದೆ ಕೆಟ್ಟಿದೆಯೇ?
ಔಸ್ಮಾ ಬ್ರೆಡ್ಡು ಕಚ್ಚಿ, ಅಗಿದು, ನುಂಗಿ,
ಹೂಂ, ಸ್ವಲ್ಪ, ಎನ್ನುತ್ತಾಳೆ.